ಅಕ್ಕ ಹೆಸರಿಟ್ಟ ಬಣ್ಣಗಳು

ನಮ್ಮ ಭಾವನಿಗೆ ಬೀದಿಯಲ್ಲಿ ಎರಡು ಹೆಸರು. ಎದುರಿಗೆ ‘ಸ್ಟುಡಿಯೋ ಸಾರ್’, ಬೆನ್ನ ಹಿಂದೆ ‘ಹೂವಪ್ಪ’. ಎರಡನೆಯದನ್ನು ಹುಟ್ಟಿಸಿದವಳು ನಾನು. ಇದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ಇಲ್ಲಿ ಬರೆದು ಸಿಕ್ಕಿಬೀಳುತ್ತಿದ್ದೇನೆ. ಅಕ್ಕನ ಗಂಡನನ್ನು ಗೇಲಿ ಮಾಡುವುದು ನಾದಿನಿಗೆ ಹುಟ್ಟಿನಿಂದ ಬಂದ ಹಕ್ಕು. ಹನ್ನೊಂದು ವರ್ಷದಿಂದ ಅವರ ಸ್ಟುಡಿಯೋದ ಕೌಂಟರಿನಲ್ಲಿ ಕೂತು ಆ ಹಕ್ಕನ್ನು ಒಂದು ದಿನವೂ ಬಿಡದೆ ಚಲಾಯಿಸಿದ್ದೇನೆ.

ಸ್ಟುಡಿಯೋ ಇರುವುದು ಒಂದು ಬೀಗ ರಿಪೇರಿ ಅಂಗಡಿಗೂ ಒಂದು ಔಷಧಿ ಅಂಗಡಿಗೂ ನಡುವೆ. ಮೂರು ಮೆಟ್ಟಿಲು ಹತ್ತಿದರೆ ನನ್ನ ಕೌಂಟರು, ಅದರ ಪಕ್ಕದಲ್ಲಿ ಫೋಟೋ ತೆಗೆಯುವ ಜಾಗ: ಒಂದು ಸ್ಟೂಲು, ಎರಡು ದೀಪ, ಮೇಲಿಂದ ಇಳಿಬಿಟ್ಟ ಬಿಳಿ ಪರದೆ. ಅದರ ಹಿಂದೆ ಭಾವನ ಕೋಣೆ. ಅಲ್ಲಿ ಒಂದು ಕಂಪ್ಯೂಟರು, ಎರಡು ಕುರ್ಚಿ, ಒಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಸದಾ ಒಂದು ಬಿಳಿ ಬಟ್ಟೆ, ಬಟ್ಟೆಯ ಮೇಲೆ ನೀರು ತುಂಬಿದ ಗಾಜಿನ ಲೋಟ, ಲೋಟದಲ್ಲಿ ಅವತ್ತಿನ ಹೂವು. ಮನೆ ಮಹಡಿಯ ಮೇಲೆ. ಕೋಣೆಯ ಹಿಂಬಾಗಿಲಿನಿಂದ ಹದಿನಾಲ್ಕು ಮೆಟ್ಟಿಲು ಹತ್ತಬೇಕು.

ಆ ಹೂವಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಬೇರೆ ಸ್ಟುಡಿಯೋದವರು ಮುಖದ ಸುತ್ತ ನಾಲ್ಕು ಮೂಲೆಗೂ ಗುಲಾಬಿ ಅಂಟಿಸಿ ಕೊಡುತ್ತಾರೆ. ಎಲ್ಲರಿಗೂ ಅದೇ ಗುಲಾಬಿ, ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು. ನೋಡಿದರೆ ಮನುಷ್ಯ ಸೋಪಿನ ಪೊಟ್ಟಣದೊಳಗಿಂದ ಇಣುಕಿದ ಹಾಗಿರುತ್ತದೆ. ಭಾವ ಹಾಗಲ್ಲ. ಅವರು ಹಾಕುವ ಪ್ರತಿ ಹೂವೂ ಆ ಕಿಟಕಿಯ ಹತ್ತಿರ ಅವರೇ ತೆಗೆದದ್ದು. ಬೆಳಕು ಎಡದಿಂದ ಬಿದ್ದದ್ದು, ಬಲದಿಂದ ಬಿದ್ದದ್ದು, ಅರಳುವ ಮುಂಚಿನದು, ಬಾಡಿದ ಮೇಲಿನದು, ಹೀಗೆ ಇಪ್ಪತ್ತು ವರ್ಷದ ಹೂವುಗಳು ಕಂಪ್ಯೂಟರಿನಲ್ಲಿ ಕೂತಿವೆ. ಒಬ್ಬರಿಗೆ ಕೊಟ್ಟ ಹೂವನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಮುಖಕ್ಕೆ ಬೆಳಕು ಯಾವ ಕಡೆಯಿಂದ ಬಿದ್ದಿದೆಯೋ ಆ ಕಡೆಯಿಂದಲೇ ಬೆಳಕು ಬಿದ್ದ ಹೂವನ್ನು ಹುಡುಕಿ, ಕೈಯಲ್ಲೋ ಮಡಿಲಲ್ಲೋ ಹೆಗಲ ಪಕ್ಕದಲ್ಲೋ ಇಟ್ಟು, ಅದರ ನೆರಳನ್ನು ಬಟ್ಟೆಯ ಮೇಲೆ ಬೀಳಿಸುತ್ತಾರೆ. ಆಮೇಲೆ ಇಡೀ ಚಿತ್ರದ ಮೇಲೆ ಒಂದು ಬೂದು ಪದರ ಹಾಸಿ, ಒಂದೇ ಒಂದು ಕಡೆ ಆ ಪದರವನ್ನು ಒರೆಸುತ್ತಾರೆ. ಅಲ್ಲಿ ಮಾತ್ರ ಕೆಳಗಿನ ಬಣ್ಣ ಕಾಣುತ್ತದೆ. ಮುಖ, ಬಟ್ಟೆ, ಗೋಡೆ ಎಲ್ಲ ಕಪ್ಪು ಬಿಳುಪು, ಒಂದು ಹೂವು ಮಾತ್ರ ಕೆಂಪು ಅಥವಾ ಹಳದಿ.

ಜನ ಅದನ್ನು ಕಲೆ ಅಂದರು. ಅಂಗಡಿಯ ಬೋರ್ಡಿನಲ್ಲಿ ‘ಹೂವಿನ ಭಾವಚಿತ್ರ’ ಅಂತ ಒಂದು ಸಾಲೇ ಸೇರಿಕೊಂಡಿತು. ಪಕ್ಕದ ಊರಿನಿಂದಲೂ ಬರತೊಡಗಿದರು. ನಾನು ಮಾತ್ರ ಬಿಡುತ್ತಿರಲಿಲ್ಲ.

“ಬಣ್ಣದ ವಿಷಯದಲ್ಲಿ ಇಷ್ಟೊಂದು ಜಿಪುಣತನ ಯಾಕೆ ಭಾವ?”

“ಒಂದೇ ಇದ್ರೆ ಕಣ್ಣಿಗೆ ದಾರಿ ಗೊತ್ತಾಗುತ್ತೆ,” ಅನ್ನುತ್ತಿದ್ದರು. ಅಷ್ಟಕ್ಕೇ ಅವತ್ತಿನ ಮಾತಿನ ಅರ್ಧ ಭಾಗ ಖರ್ಚಾಯಿತು ಅನ್ನುವ ಹಾಗೆ ಮತ್ತೆ ಒಳಗೆ ಹೋಗುತ್ತಿದ್ದರು.

ಅವರು ಇರುವುದೇ ಹಾಗೆ. ನಡೆದರೆ ನೆಲಕ್ಕೆ ಎಲ್ಲಿ ನೋವಾದೀತೋ ಅನ್ನುವ ನಡಿಗೆ. ಅಂಗಿಯ ತೋಳು ಸರಿಯಾಗಿ ಎರಡು ಮಡಿಕೆ, ಜೇಬಿನಲ್ಲಿ ಕಂಪ್ಯೂಟರಿನ ಪರದೆ ಒರೆಸಲು ಒಂದು ತುಂಡು ಬಟ್ಟೆ. ಫೋಟೋಗೆ ಬಂದ ಮಗು ರಂಪ ಮಾಡಿದರೆ ಬೇರೆಯವರು ಗಿಲಕಿ ಆಡಿಸುತ್ತಾರೆ, ನಾಯಿಯಂತೆ ಬೊಗಳುತ್ತಾರೆ. ಭಾವ ಸುಮ್ಮನೆ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಐದು ನಿಮಿಷದಲ್ಲಿ ಮಗುವಿಗೇ ಬೇಜಾರಾಗಿ ಅಳು ನಿಲ್ಲುತ್ತದೆ.

ಕೋಣೆಯ ಎರಡನೆಯ ಕುರ್ಚಿ ಅಕ್ಕನದು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಅವಳು ಮಹಡಿಯಿಂದ ಇಳಿದು ಭಾವನ ಪಕ್ಕ ಕೂರುತ್ತಿದ್ದಳು. ಪರದೆಯ ಈಚೆ ನನಗೆ ಅವರ ಮಾತು ಕೇಳಿಸುತ್ತಿತ್ತು.

“ನೂರ ಹತ್ತು, ನೂರ ನಲವತ್ತು, ಅರವತ್ತು,” ಅನ್ನುವರು ಭಾವ.

“ಶಾಲೆ ಗೇಟು,” ಅನ್ನುವಳು ಅಕ್ಕ.

ಗಂಡ ಹೆಂಡತಿಯ ಏನೋ ಆಟ ಅಂದುಕೊಂಡಿದ್ದೆ. ಇಲ್ಲದಿದ್ದರೆ, ಚೆಂದದ ಗಿರಾಕಿಗಳು ಬರುವ ಜಾಗ, ಅಕ್ಕ ಗಂಡನಿಗೆ ಕಾವಲು ಕೂತಿದ್ದಾಳೆ ಅಂದುಕೊಂಡಿದ್ದೆ. ಹಾಗಂತ ಅವಳ ಮುಖಕ್ಕೇ ಹೇಳಿದ್ದೆ ಕೂಡ. “ಹ್ಞೂಂ ಕಣೇ, ಯಾರಾದ್ರೂ ಎತ್ಕೊಂಡು ಹೋದ್ರೆ ಇನ್ನೊಂದು ಸಿಗಲ್ಲ,” ಅಂದಿದ್ದಳು.

ಹೋದ ವರ್ಷ ಒಂದು ಬೆಳಿಗ್ಗೆ ಚಹಾ ಸುರಿಯುತ್ತಿದ್ದಾಗ ಅಕ್ಕನ ಕೈ ಹಾಗೇ ನಿಂತುಬಿಟ್ಟಿತು. ಲೋಟ ತುಂಬಿ ನೆಲಕ್ಕೆ ಹರಿದರೂ ಕೈ ಕೆಳಗಿಳಿಯಲಿಲ್ಲ. ಲಕ್ವ ಹೊಡೆದಿತ್ತು. ಮೂರು ವಾರ ಆಸ್ಪತ್ರೆ. ಬಲಗಾಲು, ಬಲಗೈ ಅರ್ಧಂಬರ್ಧ ವಾಪಸ್ಸು ಬಂದವು. ಮಾತು ಬರಲಿಲ್ಲ. “ಮಾತೆಲ್ಲ ಒಳಗೇ ಇದೆ, ಅದಕ್ಕೆ ಬಾಗಿಲು ಸಿಗ್ತಿಲ್ಲ,” ಅಂದರು ಡಾಕ್ಟರು. ಅವಳಿಗೆ ಉಳಿದದ್ದು ಮೂರೇ ಮಾತು: ‘ಆಯ್ತು’, ‘ಅದು’, ‘ಹೋಗಲಿ’. ಮೂವತ್ತು ವರ್ಷ ದಿನಕ್ಕೆ ನೂರು ಸಲ ಕೂಗಿದ ‘ರೀ’ ಕೂಡ ಅದರಲ್ಲಿ ಇರಲಿಲ್ಲ. ನನ್ನನ್ನು ನೋಡಿ ಜನ ಇವಳೇ ವಾಚಾಳಿ ಅಂದುಕೊಳ್ಳುತ್ತಾರೆ, ಅವರು ನಮ್ಮ ಅಕ್ಕನನ್ನು ಕೇಳಿಸಿಕೊಂಡಿಲ್ಲ. ಆ ಮನೆ ಹಾಗೆ ಮೌನವಾದದ್ದು ನನಗೆ ಸಹಿಸಲು ಆಗಲಿಲ್ಲ.

ವಾರಕ್ಕೆರಡು ಸಲ ಮಾತು ಕಲಿಸುವ ಟೀಚರು ಬರುತ್ತಿದ್ದಳು. ಒಳ್ಳೆಯ ಹುಡುಗಿ. ಸೇಬು, ಹಸು, ಬಸ್ಸು ಇರುವ ಚಿತ್ರದ ಚೀಟಿಗಳನ್ನು ಒಂದೊಂದಾಗಿ ಹಿಡಿದು, “ಇದೇನು ಹೇಳಿ ಆಂಟಿ?” ಅನ್ನುತ್ತಿದ್ದಳು. ಅಕ್ಕ ಮುಖ ತಿರುಗಿಸಿ, “ಹೋಗಲಿ,” ಅನ್ನುತ್ತಿದ್ದಳು. ಅದು ಸೇಬು ಅಂತ ಅವಳಿಗೆ ಗೊತ್ತು. ಎಲ್ಲ ಗೊತ್ತಿದ್ದೂ ಹೇಳಲಾಗದವಳ ಮುಂದೆ ಸೇಬು ಹಿಡಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಲಕ್ವ ಹೊಡೆದ ಮೇಲಿನ ಎಂಟು ತಿಂಗಳೂ ಭಾವ ಪಾಸ್‌ಪೋರ್ಟ್ ಫೋಟೋ ಬಿಟ್ಟು ಬೇರೆ ಕೆಲಸ ಮುಟ್ಟಲಿಲ್ಲ. ಹೂವಿನ ಚಿತ್ರ ಕೇಳಿ ಬಂದವರಿಗೆಲ್ಲ “ಆಮೇಲೆ ನೋಡೋಣ” ಅನ್ನುವುದು. ದುಃಖದಲ್ಲಿದ್ದಾರೆ ಅಂತ ನಾನೂ ಸುಮ್ಮನಿದ್ದೆ. ನಾನು ಸುಮ್ಮನಿರುವುದು ಅಪರೂಪ, ಅದನ್ನೂ ತಪ್ಪು ಸಮಯದಲ್ಲೇ ಮಾಡಿದೆ.

ಆಗ ಬಂದವರು ನರ್ಸಮ್ಮ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ಈ ಬೀದಿಯ ಅರ್ಧ ಜನ ಅವರ ಕೈಯಲ್ಲೇ ಕಣ್ಣು ಬಿಟ್ಟವರು, ನನ್ನ ಮಗಳೂ ಸೇರಿ. ಅವರಿಗೆ ನಿವೃತ್ತಿ. ಶನಿವಾರ ಸಂಜೆ ಬೀಳ್ಕೊಡುಗೆ, ಅವತ್ತೇ ವಾರ್ಡಿನ ಗೋಡೆಗೆ ಅವರದೊಂದು ಚಿತ್ರ ಹಾಕಬೇಕು ಅಂತ ಜೊತೆಯವರ ಆಸೆ. ನರ್ಸಮ್ಮ ಒಂದು ಫೋಟೋ ತಂದಿದ್ದರು. ಆಸ್ಪತ್ರೆಯ ಅಂಗಳದಲ್ಲಿ ತಾವೇ ನೆಟ್ಟ ಗುಲಾಬಿ ಗಿಡದ ಪಕ್ಕ ನಿಂತು, ಗಿಡದಲ್ಲಿದ್ದ ಹೂವನ್ನು ಕೀಳದೆ ಅಂಗೈಯಲ್ಲಿ ಹಿಡಿದುಕೊಂಡಿದ್ದಾರೆ. ಸುತ್ತ ಎಲೆಗಳು.

“ಈ ಹೂವು ಒಂದಕ್ಕೆ ಬಣ್ಣ ಇರ್ಲಿ ಸಾರ್,” ಅಂದರು. “ಆ ವಾರ್ಡಲ್ಲಿ ಗೋಡೆಯಿಂದ ಹಿಡಿದು ಹಾಸಿಗೆವರೆಗೆ ಎಲ್ಲಾ ಬಿಳಿ. ನೋವು ತಿನ್ತಾ ಮಲಗಿರೋರಿಗೆ ನೋಡೋಕೆ ಏನಾದ್ರೂ ಒಂದು ಕೆಂಪಗೆ ಇರ್ಲಿ.”

ಅವರಿಗೆ ಆಗುವುದಿಲ್ಲ ಅನ್ನಲು ಭಾವನಿಗೆ ಬಾಯಿ ಬರಲಿಲ್ಲ. ಮೂರು ದಿನ ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಕೆಲಸ ಮಾಡಿದರು. ಬುಧವಾರ ನರ್ಸಮ್ಮ ಬಂದಾಗ ಕಾಗದ ಸುತ್ತಿಟ್ಟಿದ್ದ ಚಿತ್ರವನ್ನು ನಾನೇ ಬಿಚ್ಚಿ ಕೌಂಟರಿನ ಮೇಲೆ ಇಟ್ಟೆ.

ಮುಖ ಅದ್ಭುತವಾಗಿ ಬಂದಿತ್ತು. ಹೂವಿನ ಒಂದು ಅಂಚು ಮಾತ್ರ ಕೆಂಪು, ಉಳಿದದ್ದೆಲ್ಲ ಬೂದು. ಅದರ ಕೆಳಗೆ ಎರಡು ಎಲೆ ಹಚ್ಚಗೆ ಹಸಿರಾಗಿ ನಗುತ್ತಿದ್ದವು.

ನರ್ಸಮ್ಮ ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. “ಏನಮ್ಮ ಇದು, ಹೂವು ಸತ್ತು ಎಲೆ ಬದುಕಿದೆಯಲ್ಲ,” ಅಂದರು.

“ಪ್ರಿಂಟರಿಂದು ತೊಂದರೆ,” ಅಂದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸುಳ್ಳು ಬಂತು. ಶನಿವಾರ ಮಧ್ಯಾಹ್ನಕ್ಕೆ ಸರಿ ಮಾಡಿ ಕೊಡುತ್ತೇವೆ ಅಂತ ಹೇಳಿ ಕಳಿಸಿದೆ. ಆಮೇಲೆ ಚಿತ್ರ ಹಿಡಿದುಕೊಂಡು ದುಮುದುಮು ಅಂತ ಒಳಗೆ ನುಗ್ಗಿದೆ.

“ಕಣ್ಣು ಎಲ್ಲಿಟ್ಟಿದ್ರಿ ಭಾವ?”

ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. “ಎಲ್ಲಿ ತಪ್ಪಿದೆ?” ಅಂದರು.

“ಹೂವು ಯಾವುದು ಎಲೆ ಯಾವುದು ಅಂತ ಗೊತ್ತಾಗಲ್ವಾ ನಿಮಗೆ?”

“ಗೊತ್ತಾಗಲ್ಲ,” ಅಂದರು ಭಾವ. ಧ್ವನಿಯಲ್ಲಿ ತಮಾಷೆ ಇರಲಿಲ್ಲ. “ನನಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತೆ. ಹುಟ್ಟಿದಾಗಿಂದ. ಒಣಗಿದ ಹುಲ್ಲಿನ ಥರ ಏನೋ ಒಂದು. ನಿಮ್ಮಕ್ಕನಿಗೆ ಬಿಟ್ರೆ ಯಾರಿಗೂ ಹೇಳಿಲ್ಲ.”

ನಾನು ಅಕ್ಕನ ಕುರ್ಚಿಯಲ್ಲಿ ಕೂತೆ. ಹನ್ನೊಂದು ವರ್ಷ ಹತ್ತು ಅಡಿ ದೂರದಲ್ಲಿ ಕೂತು ಊರಿನ ಸುದ್ದಿಯನ್ನೆಲ್ಲ ಜರಡಿ ಹಿಡಿದವಳಿಗೆ ಇದು ಗೊತ್ತಾಗಿರಲಿಲ್ಲ.

ಭಾವ ನಿಂತುಕೊಂಡೇ ಹೇಳಿದರು. ಅವರಪ್ಪ ಸ್ಟುಡಿಯೋ ನಡೆಸುತ್ತಿದ್ದ ಕಾಲದಲ್ಲಿ ಎಲ್ಲ ಕಪ್ಪು ಬಿಳುಪು, ಆಗ ಈ ಕೊರತೆ ಅಡ್ಡ ಬರಲಿಲ್ಲ. ಬೆಳಕು ನೆರಳು ಅವರಿಗೆ ಬೇರೆಯವರಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಬಣ್ಣದ ರೀಲು ಬಂದಾಗ ಅದನ್ನು ತೊಳೆಯಲು ಹೊರಗಿನ ಲ್ಯಾಬಿಗೆ ಕಳಿಸಿ ತಪ್ಪಿಸಿಕೊಂಡರು. ಕಂಪ್ಯೂಟರು ಬಂತು ನೋಡಿ, ಬಣ್ಣ ಅವರ ಕೈಗೇ ಬಂದು ಕೂತಿತು. ಅಂಗಡಿ ಮುಚ್ಚುವುದೇ ಸರಿ ಅಂತ ತೀರ್ಮಾನಿಸಿದ್ದ ದಿನ ಅಕ್ಕ ಮಹಡಿಯಿಂದ ಒಂದು ಕುರ್ಚಿ ಎತ್ತಿಕೊಂಡು ಬಂದು ಪಕ್ಕದಲ್ಲಿ ಹಾಕಿಕೊಂಡಳು. ಚಿತ್ರದ ಮೇಲೆ ಎಲ್ಲಿ ಬಾಣ ಇಟ್ಟರೂ ಕಂಪ್ಯೂಟರು ಮೂರು ಸಂಖ್ಯೆ ತೋರಿಸುತ್ತದೆ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ಭಾವ ಸಂಖ್ಯೆ ಓದುವುದು, ಅಕ್ಕ ಆ ಬಣ್ಣಕ್ಕೆ ಹೆಸರು ಹೇಳುವುದು.

“ಆದ್ರೆ ನಂಬರು ನಿಂತ ಚುಕ್ಕೆಯದ್ದು ಮಾತ್ರ ಹೇಳುತ್ತೆ. ಹೂವು ಎಲ್ಲಿ ಮುಗೀತು, ಎಲೆ ಎಲ್ಲಿ ಶುರುವಾಯ್ತು ಅಂತ ಹೇಳಲ್ಲ,” ಅಂದರು. “ಆ ಗಡಿ ತೋರಿಸ್ತಿದ್ದೋಳು ಅವಳು. ಎಲ್ಲಾ ಬಣ್ಣ ಸಂಭಾಳಿಸೋಕೆ ಆಗದಿದ್ರೆ ಒಂದನ್ನ ಇಟ್ಕೊಳ್ಳಿ, ಉಳಿದದ್ದು ಬೂದು ಮಾಡಿ ಅಂದೋಳೂ ಅವಳೇ.”

ಊರು ಯಾವುದನ್ನು ಕಲೆ ಅಂದಿತ್ತೋ ಅದು ನಮ್ಮ ಅಕ್ಕ ಗಂಡನಿಗೆ ಮಾಡಿಕೊಟ್ಟ ಉಪಾಯ. ನನಗೆ ಹೆಮ್ಮೆಯಾಯಿತು.

“ಅವಳಿಗೆ ಹೇಗೆ ಗೊತ್ತಾಯ್ತು?” ಅಂದೆ.

ಆಗ ಛತ್ರಿಯ ಕತೆ ಹೊರಗೆ ಬಂತು. ಅಕ್ಕ ಕೆಲಸದ ಅರ್ಜಿಗೆ ಫೋಟೋ ತೆಗೆಸಿಕೊಳ್ಳಲು ಮೊದಲ ಸಲ ಸ್ಟುಡಿಯೋಗೆ ಬಂದವಳು ಛತ್ರಿ ಮರೆತು ಹೋದಳಂತೆ. ಮಾರನೆಯ ದಿನ ಬಂದು ಕೇಳಿದಾಗ ಮೂಲೆಯಲ್ಲಿ ಎರಡು ಛತ್ರಿ ಇದ್ದವು. ಭಾವನಿಗೆ ಎರಡೂ ಒಂದೇ. ಅಂದಾಜಿನಲ್ಲಿ ಒಂದನ್ನು ಎತ್ತಿ ಕೊಟ್ಟರು. ಅಕ್ಕ ಅದನ್ನು ನೋಡಿದಳು, ಇವರನ್ನು ನೋಡಿದಳು. ಇವರಿಗೆ ಏನನ್ನಿಸಿತೋ, ಯಾರಿಗೂ ಹೇಳದೇ ಇದ್ದದ್ದನ್ನು ಆ ಗುರುತಿಲ್ಲದ ಹುಡುಗಿಯ ಮುಂದೆ ಹೇಳಿಬಿಟ್ಟರು. ಅವಳು ನಗಲಿಲ್ಲ. ತನ್ನದನ್ನು ತಾನೇ ಎತ್ತಿಕೊಂಡಳು. “ಇದು ಯಾವ ಬಣ್ಣ?” ಅಂತ ಇವರು ಕೇಳಿದರು. “ಆಮೇಲೆ ಹೇಳ್ತೀನಿ,” ಅಂತ ಹೊರಟಳು.

“ಮದುವೆ ಆದ್ಮೇಲೂ ಕೇಳಿದೆ. ಆಮೇಲೆ ಹೇಳ್ತೀನಿ ಅಂದ್ಲು. ಪ್ರತಿ ವರ್ಷ ಅದೇ ಉತ್ತರ. ಈಗ ಆ ಛತ್ರಿಯೂ ಇಲ್ಲ,” ಅಂದರು ಭಾವ.

ಆ ಛತ್ರಿ ನನ್ನದು. ಅವತ್ತು ಅಕ್ಕ ನನ್ನನ್ನು ಕೇಳದೆ ಎತ್ತಿಕೊಂಡು ಹೋಗಿದ್ದಳು, ನಾನು ಎರಡು ದಿನ ಮಾತು ಬಿಟ್ಟಿದ್ದೆ. ಅದರ ಬಣ್ಣ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಹೇಳಲು ಬಾಯಿ ತೆರೆದೆ. ಭಾವ ಕೈ ಎತ್ತಿ ತಡೆದರು.

“ನೀನು ಹೇಳ್ಬೇಡ. ಅವಳು ಹೇಳ್ಬೇಕು ಅದನ್ನ.”

ಆಮೇಲೆ ತಮ್ಮ ತೀರ್ಮಾನ ತಿಳಿಸಿದರು. ನರ್ಸಮ್ಮನಿಗೆ ಪೂರ್ತಿ ಕಪ್ಪು ಬಿಳುಪಿನ ಚಿತ್ರ ಕೊಟ್ಟು ಕ್ಷಮೆ ಕೇಳುವುದು. ಹೂವಿನ ಕೆಲಸ ಅಲ್ಲಿಗೆ ಮುಗಿಯಿತು. ಬೋರ್ಡಿನಲ್ಲಿ ಆ ಸಾಲು ಅಳಿಸಲು ಬೋರ್ಡು ಬರೆಯುವವನಿಗೆ ಹೇಳಿಯಾಗಿದೆ, ಸೋಮವಾರ ಬರುತ್ತಾನೆ. ಐವತ್ತೆಂಟು ವರ್ಷದ ಮನುಷ್ಯ ಇದನ್ನು ಔಷಧಿ ಚೀಟಿ ಓದಿದ ಹಾಗೆ ಹೇಳಿ ಮುಗಿಸಿದರು. ಆ ಸಾಲು ಹೋದರೆ ಭಾವ ಬೆಳಗಿನಿಂದ ಸಂಜೆವರೆಗೆ ಬಿಳಿ ಪರದೆಯ ಮುಂದೆ ಜನರ ಗದ್ದ ಮೇಲೆತ್ತಿಸುತ್ತಾ ಕಳೆಯುತ್ತಾರೆ. ಕಿಟಕಿಯ ಹತ್ತಿರ ಲೋಟ ಇರುವುದಿಲ್ಲ. ಯೋಚಿಸಿಯೇ ನನಗೆ ಭಯವಾಯಿತು.

“ನಾನಿಲ್ವಾ? ನನಗೇನು ಕಣ್ಣಿಲ್ವಾ?” ಅಂದೆ.

ಗುರುವಾರ ಪೂರ್ತಿ ನಾನು ಅಕ್ಕನ ಕುರ್ಚಿಯಲ್ಲಿ ಕೂತೆ. ಅದು ಹೇಗೆ ನಡೆಯಿತು ಅಂತ ಬರೆಯಲು ನಾಚಿಕೆಯಾಗುತ್ತದೆ.

“ಇದು ಯಾವ ಕೆಂಪು?” ಅನ್ನುವರು ಭಾವ.

“ಕೆಂಪು.”

“ಅದೇ, ಯಾವ ಕೆಂಪು?”

“ಕೆಂಪು ಅಂದ್ರೆ ಕೆಂಪು ಭಾವ, ಅದಕ್ಕೇನು ಮನೆತನ ಇದೆಯಾ?”

ಗಡಿ ತೋರಿಸು ಅಂದರೆ ನನ್ನ ಬೆರಳು ಬಸ್ಸು ಹಿಡಿಯಲು ಓಡುವವಳ ಹಾಗೆ ಓಡುತ್ತಿತ್ತು. ನಡುವೆ ಯಾರಾದರೂ ಕೌಂಟರಿಗೆ ಬಂದರೆ ಎದ್ದು ಹೋಗಬೇಕು. ಸಂಜೆಯ ಹೊತ್ತಿಗೆ ಚಿತ್ರದಲ್ಲಿ ನರ್ಸಮ್ಮ ಅಂಗೈಯಲ್ಲಿ ಒಂದು ಎಲೆಕೋಸು ಹಿಡಿದು ನಿಂತಿದ್ದರು. ಭಾವ ಗದರಲಿಲ್ಲ, ಮೇಜಿನ ಖಾನೆಯಿಂದ ಒಂದು ಹಳೆಯ ನೋಟುಪುಸ್ತಕ ತೆಗೆದು ಕೊಟ್ಟರು. ಒಂದು ಕಡೆ ಸಂಖ್ಯೆಗಳು, ಅದರ ಎದುರಿಗೆ ಅಕ್ಕ ಇಟ್ಟ ಹೆಸರುಗಳು, ಎಲ್ಲ ಭಾವನ ಗುಂಡು ಅಕ್ಷರದಲ್ಲಿ. ಆರಿದ ಚಹಾ. ಶಾಲೆ ಗೇಟು. ಸುಳ್ಳು ಗುಲಾಬಿ. ನೆಗಡಿ ಬಂದಾಗ ದೊಡ್ಡತ್ತೆ ಮೂಗು. ಒಂದು ಕಡೆ ‘ತಂಗಿ ಸಿಟ್ಟು’ ಅಂತಿತ್ತು. ಕಂಪ್ಯೂಟರಿನಲ್ಲಿ ಆ ಸಂಖ್ಯೆ ಒತ್ತಿಸಿ ನೋಡಿದೆ, ತಿಳಿ ಕಿತ್ತಳೆ. ನನ್ನ ಸಿಟ್ಟು ಇಷ್ಟೇನಾ ಅಂತ ನಿಜವಾಗಿ ಸಿಟ್ಟು ಬಂತು, ಆಮೇಲೆ ಅಳು ಬಂತು. ಪುಸ್ತಕದ ಮೊದಲ ಸಾಲಿನಲ್ಲಿ ‘ಛತ್ರಿ’ ಅಂತ ಬರೆದಿತ್ತು. ಅದರ ಎದುರು ಸಂಖ್ಯೆಯ ಜಾಗ ಖಾಲಿ.

ಶುಕ್ರವಾರ ಮಹಡಿಯಲ್ಲಿ ಅಕ್ಕನ ಜೊತೆ ಇರುತ್ತಿದ್ದ ಹೆಂಗಸು ಬರಲಿಲ್ಲ. ಕೌಂಟರು ಬಿಟ್ಟು ನಾನು ಮೇಲೆ ಕೂರುವ ಹಾಗಿರಲಿಲ್ಲ. ಬೇರೆ ದಾರಿ ಇಲ್ಲದೆ ಅಕ್ಕನನ್ನೇ ಕೆಳಗೆ ಕರೆತಂದೆವು. ಹದಿನಾಲ್ಕು ಮೆಟ್ಟಿಲಿಗೆ ಇಪ್ಪತ್ತು ನಿಮಿಷ. ಆ ಮೆಟ್ಟಿಲು ಕಟ್ಟಿದವನಿಗೆ ನಾನು ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಕೊಟ್ಟೆ. ಇದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ, ಸುಳ್ಳು ಹೇಳಬಾರದು.

ಅಕ್ಕ ತನ್ನ ಕುರ್ಚಿಯಲ್ಲಿ ಕೂತಳು. ಕುರ್ಚಿಯ ಕೈಯನ್ನು ಎಡಗೈಯಿಂದ ಸವರಿದಳು. ಭಾವನಿಗೆ ಮುಜುಗರ. ಅವಳನ್ನು ಏನೂ ಕೇಳಲಿಲ್ಲ, ಅವಳ ಕಡೆ ತಿರುಗಲೂ ಇಲ್ಲ. ಹುಷಾರಿಲ್ಲದವಳ ಮೇಲೆ ಮತ್ತೆ ಭಾರ ಹಾಕಬಾರದು ಅಂತ ಇಷ್ಟು ತಿಂಗಳು ದೂರ ಇಟ್ಟಿದ್ದರಲ್ಲ, ಈಗಲೂ ಅದೇ. ಬೂದು ಪದರ ಹಾಸಿ, ಒಂದು ಚುಕ್ಕೆಯ ಸಂಖ್ಯೆ ನೋಡಿ, ಒರೆಸಲು ಶುರು ಮಾಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನಾಲ್ಕು ಸಲ ಒರೆಸುವಷ್ಟರಲ್ಲಿ ಹೂವು ದಾಟಿ ಎಲೆಗೆ ಹೋದರು.

ಅಕ್ಕ ಎಡಗೈ ಎತ್ತಿ ಅವರ ಕೈಗೆ ಪಟ್ಟಂತ ಒಂದು ಕೊಟ್ಟಳು.

ಭಾವ ಮೌಸು ಬಿಟ್ಟರು. ಅಕ್ಕ ಮುಂದಕ್ಕೆ ಬಾಗಿ ಪರದೆಯ ಮೇಲೆ ಬೆರಳಿಟ್ಟಳು. ಎಡಗೈಗೆ ಅಭ್ಯಾಸವಿಲ್ಲ, ಬೆರಳು ನಡುಗುತ್ತಿತ್ತು. ಆದರೂ ಒಂದೊಂದು ದಳದ ಅಂಚನ್ನೂ ಹಿಡಿದು ನಿಧಾನಕ್ಕೆ ಎಳೆದಳು. ಗಾಜಿನ ಮೇಲಿನ ಧೂಳಿನಲ್ಲಿ ಗೆರೆ ಮೂಡಿತು. ಭಾವ ಮತ್ತೆ ಮೌಸು ಹಿಡಿದು ಆ ಗೆರೆಯ ಒಳಗೆ ಬೂದು ಪದರ ಒರೆಸುತ್ತಾ ಹೋದರು. ಜೇಬಿನ ಬಟ್ಟೆಯಲ್ಲಿ ಪರದೆ ಒರೆಸುವ ಅವರ ಚಾಳಿ ಆ ಎಂಟು ತಿಂಗಳಲ್ಲಿ ಬಿಟ್ಟುಹೋಗಿತ್ತು. ಬಿಟ್ಟುಹೋದದ್ದೇ ಒಳ್ಳೆಯದಾಯಿತು.

ಒಂದು ಗಂಟೆ ಹಿಡಿಯಿತು. ಹೂವು ಮುಗಿಯುವ ಹೊತ್ತಿಗೆ ಭಾವ ಹಳೆಯ ಅಭ್ಯಾಸದಿಂದ ಬಾಣವನ್ನು ದಳದ ಮೇಲಿಟ್ಟು ಓದಿಬಿಟ್ಟರು.

“ನೂರ ಎಂಬತ್ನಾಲ್ಕು, ಇಪ್ಪತ್ತು, ನಲವತ್ತು.”

ಓದಿದ ಮೇಲೆ ಅವರಿಗೇ ತಪ್ಪಿನ ಅರಿವಾಯಿತು. ಅಕ್ಕ ಬಾಯಿ ತೆರೆದಿದ್ದಳು. “ಅದು,” ಅಂದಳು. “ಅದು... ಅದು...” ಕಣ್ಣಲ್ಲಿ ನೀರು ತುಂಬಿತು. ಅದು ದುಃಖದ್ದಲ್ಲ, ಹೊರಗೆ ಬಾರದ ಮಾತಿನ ಮೇಲಿನ ಸಿಟ್ಟು. ನಾನು ಒಳಗೆ ಹೆಜ್ಜೆ ಇಟ್ಟೆ. ಭಾವ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು.

“ನೆಗಡಿ ಬಂದಾಗ ದೊಡ್ಡತ್ತೆ ಮೂಗು.”

ನೋಟುಪುಸ್ತಕ ತೆರೆಯಲೇ ಇಲ್ಲ ಅವರು. ಎಲ್ಲ ಬಾಯಿಪಾಠ.

ಅಕ್ಕ ಒಂದು ಕ್ಷಣ ಅವರನ್ನೇ ನೋಡಿದಳು. ಆಮೇಲೆ ನಕ್ಕಳು. ಮುಖದ ಒಂದು ಬದಿ ಮಾತ್ರ ನಗುತ್ತಿತ್ತು, ಆದರೆ ದನಿ ಪೂರ್ತಿ ಅವಳದೇ. “ಮೂ...” ಅಂದಳು. ಇನ್ನೊಮ್ಮೆ ಹೇಳಿ ಅಂತ ಕೈ ತೋರಿಸಿದಳು. ಅವರು ಇನ್ನೊಮ್ಮೆ ಹೇಳಿದರು. “ಮೂಗು,” ಅಂದಳು ಅಕ್ಕ. ನಾನು ಬೇಗ ಕೌಂಟರಿಗೆ ಬಂದು, ಅಲ್ಲಿ ಯಾರೂ ಇಲ್ಲದಿದ್ದರೂ ಡ್ರಾಯರು ತೆರೆದು ಮುಚ್ಚಿ ಏನೋ ಹುಡುಕಿದೆ.

ಅವತ್ತು ಸಂಜೆವರೆಗೂ ಭಾವ ಸಂಖ್ಯೆ ಓದುವುದು, ಅವಳು ಕೊಟ್ಟಿದ್ದ ಹೆಸರನ್ನು ಅವಳಿಗೇ ಹಿಂದಿರುಗಿಸುವುದು, ಅವಳು ಅದರಲ್ಲಿ ಅರ್ಧವನ್ನೋ ಕಾಲನ್ನೋ ಹಿಡಿದುಕೊಳ್ಳುವುದು ನಡೆಯಿತು. ಚಹಾ ಬಂತು. ಗೇಟು ಬಂತು. ‘ತಂಗಿ ಸಿಟ್ಟು’ ಓದಿದಾಗ ಅಕ್ಕ ಬಾಗಿಲ ಕಡೆ ನೋಡಿ, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಗೊತ್ತಾಗಿ, “ಹೋಗಲಿ,” ಅಂದಳು.

ಶನಿವಾರ ನರ್ಸಮ್ಮ ಬಂದು ಚಿತ್ರ ನೋಡಿದರು. ಕಪ್ಪು ಬಿಳುಪಿನ ಅಂಗೈಯಲ್ಲಿ ಒಂದೇ ಒಂದು ಕೆಂಪು ಗುಲಾಬಿ, ಅಂಚು ಸ್ವಲ್ಪ ನಡುಗಿದ ಹಾಗಿತ್ತು. “ಗಾಳಿಗೆ ಅಲ್ಲಾಡ್ತಿದೆ ಅನ್ನಿಸುತ್ತೆ,” ಅಂದರು. ನಿಜ ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. “ಪ್ರಿಂಟರು ಸರಿಹೋಯ್ತಾ?” ಅಂತ ಕೇಳಿದರು. “ಇನ್ನೂ ಪೂರ್ತಿ ಇಲ್ಲ, ದಿನಾ ಸ್ವಲ್ಪ ಸ್ವಲ್ಪ ಸರಿಹೋಗ್ತಿದೆ,” ಅಂದೆ. ಅವರು ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ಚಿತ್ರ ತೆಗೆದುಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಬೋರ್ಡು ಬರೆಯುವವನು ಏಣಿ, ಡಬ್ಬಗಳ ಜೊತೆ ಬಂದ. ಭಾವ ಅವನಿಗೆ ಬರಬೇಡ ಅನ್ನಲು ಮರೆತಿದ್ದರೋ, ಧೈರ್ಯ ಸಾಕಾಗಿರಲಿಲ್ಲವೋ ಗೊತ್ತಿಲ್ಲ. ಮೂರು ಮೆಟ್ಟಿಲ ಕೆಳಗೆ ನಿಂತು ಬೋರ್ಡನ್ನೇ ನೋಡುತ್ತಿದ್ದರು. ಅಕ್ಕನನ್ನು ನಾನು ಬಾಗಿಲಿನವರೆಗೆ ನಡೆಸಿಕೊಂಡು ಬಂದು ನನ್ನ ಸ್ಟೂಲಿನ ಮೇಲೆ ಕೂರಿಸಿದ್ದೆ.

“ಯಾವ ಸಾಲು ಅಳಿಸ್ಬೇಕು ಸಾರ್?” ಅಂದ ಅವನು, ಏಣಿ ಹತ್ತಿ.

ಭಾವ ಅಕ್ಕನ ಕಡೆ ತಿರುಗಿದರು. ಅಕ್ಕ ತಲೆಯಾಡಿಸಿದಳು, ಅಡ್ಡಡ್ಡ.

“ಅಳಿಸೋದು ಬೇಡ,” ಅಂದರು ಭಾವ. “ಮಾಸಿಹೋಗಿದೆ, ಅದನ್ನೇ ಮತ್ತೆ ಬರಿ.”

“ಯಾವ ಬಣ್ಣದಲ್ಲಿ?”

ಈ ಡಬ್ಬಗಳ ಮೇಲೆ ಬಾಣ ಇಟ್ಟರೆ ಸಂಖ್ಯೆ ಬರುವುದಿಲ್ಲ. ಭಾವನಿಗೆ ಇಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬರೆಯುವವನು ಇಳಿದು ಬಂದು, ಒಂದು ರಟ್ಟಿನ ಚೂರಿನ ಮೇಲೆ ಆರೇಳು ಬಣ್ಣದಲ್ಲಿ ಒಂದೊಂದು ಗೀಟು ಎಳೆದು ಅಕ್ಕನ ಮುಂದೆ ಹಿಡಿದ. ಅಕ್ಕ ನೋಡಿದಳು. ಎಡಗೈ ಬೆರಳನ್ನು ಒಂದು ಗೀಟಿನ ಮೇಲೆ ಒತ್ತಿದಳು. ಬೆರಳಿಗೆ ಬಣ್ಣ ಹತ್ತಿತು. ಇಟ್ಟಿಗೆಗೂ ಹಣ್ಣಾದ ಟೊಮೇಟೊಗೂ ನಡುವಿನ ಬಣ್ಣ. ಅದು ಯಾವುದು ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು. ನನ್ನ ಹತ್ತೊಂಬತ್ತನೆಯ ವಯಸ್ಸು ಅದರ ಕೆಳಗೇ ನಡೆದಾಡಿತ್ತು.

ಭಾವ ಮೆಟ್ಟಿಲು ಹತ್ತಿ ಬಂದು ಅವಳ ಬೆರಳನ್ನು ಕೈಯಲ್ಲಿ ಹಿಡಿದು ನೋಡಿದರು. ಅವರಿಗೆ ಕಂಡದ್ದು ಒಣಗಿದ ಹುಲ್ಲು.

“ಇದು ಯಾವ ಬಣ್ಣ?” ಅಂದರು.

ಅಕ್ಕನ ತುಟಿ ಸೇರಿತು, ಬಿಟ್ಟಿತು. ಒಂದು ಸಲ ಆಗಲಿಲ್ಲ. ಕಣ್ಣು ಮುಚ್ಚಿಕೊಂಡಳು. ನಡುವೆ ಬಾಯಿ ಹಾಕದಿರಲು ನಾನು ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ.

“ಛ...” ಅಂದಳು. “ಛತ್ರಿ.”

ಬರೆಯುವವನು ನಮ್ಮ ಮೂವರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದ. ಭಾವ ಜೇಬಿನಿಂದ ಪರದೆ ಒರೆಸುವ ಬಟ್ಟೆ ತೆಗೆದರು, ಅವಳ ಬೆರಳು ಒರೆಸಲು ಹೋದರು, ಒರೆಸದೆ ಹಾಗೇ ಹಿಡಿದುಕೊಂಡು ನಿಂತರು. ಆ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಮೂವತ್ತೊಂದು ವರ್ಷ ಕಾಯಿಸಿದೆಯಲ್ಲೇ,” ಅಂದರು ಕೊನೆಗೆ.

“ಹೋಗಲಿ,” ಅಂದಳು ಅಕ್ಕ.